ಮಾಲಿನಲ್ಲಿ ಬಚ್ಚಲು ಹುಡುಕಿದ್ದು

ಸ್ನಾನ ಮಾಡಿ, ಹಣೆಗೆ ವಿಭೂತಿ ಇಟ್ಟುಕೊಂಡು, ಎಡಗೈಯ ಮೇಲೆ ಲಿಂಗವಿಟ್ಟು ಪೂಜೆ ಮುಗಿಸುವ ತನಕ ನಮ್ಮ ಅವ್ವ ಬಾಯಿಗೆ ಒಂದು ಗುಟುಕು ನೀರನ್ನೂ ಹಾಕುತ್ತಿರಲಿಲ್ಲ. ಜ್ವರ ಬಂದರೂ ಅಷ್ಟೇ, ಮದುವೆ ಮನೆಯಾದರೂ ಅಷ್ಟೇ. ಬಿಳಿಗೆರೆಯ ತೋಟದ ಮನೆಯಲ್ಲಿ ಕರೆಂಟು ಹೋಗಿ ಬೋರ್‌ವೆಲ್ ನಿಂತ ದಿನಗಳಲ್ಲಿ ಪಕ್ಕದ ತೋಟದವರ ಬಾವಿಯಿಂದ ಕೊಡ ಹೊತ್ತು ತಂದಾದರೂ ಮೈಮೇಲೆ ನೀರು ಹಾಕಿಕೊಳ್ಳುತ್ತಿದ್ದಳು. ಸ್ನಾನವಿಲ್ಲದೆ ಅವಳು ಕಾಫಿ ಕುಡಿದದ್ದನ್ನು ನಾನು ಕಂಡಿರಲಿಲ್ಲ.

ನಾನು ಮಾತ್ರ ಕಾಲೇಜಿಗೆ ಸೇರಿದ ಮೇಲೆ ಪೂಜೆ ಬಿಟ್ಟವಳು. ನನ್ನ ಲಿಂಗ ಬಿಳಿ ಬಟ್ಟೆಯ ಗಂಟಿನಲ್ಲಿ, ಬೀರುವಿನ ಮೇಲಿನ ಅರೆಯಲ್ಲಿ ಇತ್ತು. ಅದು ಅವ್ವನಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ದಿನಾ ಬೆಳಿಗ್ಗೆ ನಾನು ತಟ್ಟೆಯ ಮುಂದೆ ಕೂರುವುದೇ ತಡ, "ಎಲ್ಲೇ ನಿನ್ನ ಲಿಂಗ?" ಎಂದು ಕೇಳುವಳು. "ಬೀರೂಲಿ ಐತೆ, ಎಲ್ಲೂ ಓಡೋಗಿಲ್ಲ" ಎಂದು ನಾನು ಅನ್ನುವೆ. "ಹಂಗಾರೆ ದೋಸೆನೂ ಬೀರೂಗೇ ಹಾಕ್ಲಾ?" ಎನ್ನುತ್ತಲೇ ನನ್ನ ತಟ್ಟೆಗೆ ಹಾಕುವಳು. ನಾನು ತಿಪಟೂರಿನ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರಾಗಿ, ಕಿವಿಯ ಹತ್ತಿರ ಕೂದಲು ಬೆಳ್ಳಗಾದರೂ ಈ ವಿಚಾರಣೆ ನಿಂತಿರಲಿಲ್ಲ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಒಂದೊಂದು ದಿನ ತಟ್ಟೆ ಬಿಟ್ಟು ಎದ್ದು ಹೋಗಿ, ಸ್ಕೂಲಿನ ಮುಂದಿನ ಹೋಟೆಲಿನಲ್ಲಿ ಇಡ್ಲಿ ತಿಂದದ್ದೂ ಉಂಟು.

ಇಷ್ಟು ಮೊದಲೇ ಹೇಳದಿದ್ದರೆ ದುಬೈನಲ್ಲಿ ನಾವು ಪಟ್ಟ ಪಾಡು ಯಾರಿಗೂ ಅರ್ಥವಾಗುವುದಿಲ್ಲ.

ನನ್ನ ತಂಗಿ ಆಫ್ರಿಕಾದ ದಾರ್ ಎಸ್ ಸಲಾಮಿನಲ್ಲಿದ್ದಳು. ಅವಳ ಗಂಡ ಅಲ್ಲಿ ಗೋಡಂಬಿ ವ್ಯಾಪಾರದವರ ಬಳಿ ಲೆಕ್ಕಪತ್ರದ ಕೆಲಸದಲ್ಲಿದ್ದರು. ಅವಳಿಗೆ ತಿಂಗಳು ತುಂಬುತ್ತಿತ್ತು. ಬಾಣಂತನಕ್ಕೆ ಅವಳನ್ನೇ ಊರಿಗೆ ಕರೆಸೋಣವೆಂದರೆ ಡಾಕ್ಟರು ವಿಮಾನ ಹತ್ತಬೇಡ ಅಂದರಂತೆ. "ಅವಳು ಬರದಿದ್ರೆ ನಾನೇ ಹೋಯ್ತೀನಿ" ಎಂದಳು ಅವ್ವ, ಹಾಸನಕ್ಕೆ ಬಸ್ಸು ಹತ್ತುವವಳ ಹಾಗೆ. ಬೇಸಿಗೆ ರಜೆಯಿದ್ದುದರಿಂದ, ಇಂಗ್ಲಿಷ್ ಬರುತ್ತದೆ ಎಂಬ ಹೆಸರಿದ್ದುದರಿಂದ, ಜೊತೆಗೆ ಹೊರಟವಳು ನಾನು. ಎರಡು ಸಾವಿರದ ಆರೋ ಏಳೋ ಇರಬೇಕು.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲೇ ಮೊದಲ ಜಗಳ. ಅವ್ವ ಪೆಟ್ಟಿಗೆಯ ತುಂಬ ಅಟ್ಟದಿಂದ ಇಳಿಸಿದ ಉಂಡೆ ಕೊಬ್ಬರಿ ತುಂಬಿದ್ದಳು. ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಗಡಗಡ ಅನ್ನುವುದನ್ನು ಕೇಳಿ ಆರಿಸಿದ ಕೊಬ್ಬರಿ. ಅಲ್ಲಿನವರು ಇದು ಎಣ್ಣೆ ಪದಾರ್ಥ, ಬೆಂಕಿ ಹತ್ತುತ್ತದೆ ಎಂದು ಎಲ್ಲವನ್ನೂ ತೆಗೆಸಿದರು. "ನಮ್ಮ ಅಟ್ಟದ ಮೇಲೆ ವರ್ಷವಿಡೀ ಇರ್ತವೆ, ಕೆಳಗೆ ಒಲೆ ಉರೀತಿರ್ತದೆ. ಅಲ್ಲಿ ಹತ್ತದ ಬೆಂಕಿ ಇಲ್ಲಿ ಹತ್ತುತ್ತಾ?" ಎಂದು ಅವ್ವ ಕೇಳಿದ್ದನ್ನು ನಾನು ಇಂಗ್ಲಿಷಿಗೆ ತಿರುಗಿಸಲು ಹೋಗಲಿಲ್ಲ. ಬಾಣಂತಿಗೆಂದು ಮಾಡಿದ ಅಂಟಿನುಂಡೆಯ ಡಬ್ಬಿ ಮಾತ್ರ ಕೈಚೀಲದಲ್ಲಿ ಉಳಿಯಿತು. ವಿಭೂತಿ, ಹಿತ್ತಾಳೆ ಚೊಂಬು, ಒಂದು ಮಡಿ ಸೀರೆಯೂ ಅದರಲ್ಲೇ ಇದ್ದವು.

ದುಬೈನಲ್ಲಿ ಬೆಳಿಗ್ಗೆ ಇಳಿದರೆ ಮುಂದಿನ ವಿಮಾನ ರಾತ್ರಿಗೆ. ನಮ್ಮದು ಅಗ್ಗದ ಟಿಕೆಟ್ಟು, ಹೋಟೆಲು ಕೊಡುವುದಿಲ್ಲ, ಬೇಕಾದರೆ ಒಂದು ದಿನದ ವೀಸಾ ಮಾಡಿಸಿಕೊಡುತ್ತೇನೆ ಎಂದು ಏಜೆಂಟ್ ಮೊದಲೇ ಹೇಳಿದ್ದ. ನಮಗೆ ಅದರ ಚಿಂತೆ ಇರಲಿಲ್ಲ. ನಮ್ಮ ಸೋದರಮಾವನ ಊರು ತುರುವೇಕೆರೆ ಹತ್ತಿರ. ಆ ಊರಿನ ಒಬ್ಬರು ದುಬೈನಲ್ಲಿ ಯಾರೋ ಸಾಹುಕಾರರ ಮನೆಗೆ ಡ್ರೈವರ್ ಆಗಿದ್ದರು. ಫೋನಿನಲ್ಲಿ "ಬನ್ನಿ ಅಕ್ಕ, ನಾನಿದ್ದೀನಲ್ಲ" ಎಂದಿದ್ದರು. ಆ ಒಂದು ಮಾತಿನ ಮೇಲೆ ಅವ್ವ ಎಲ್ಲವನ್ನೂ ಕಟ್ಟಿಕೊಂಡಿದ್ದಳು. ನಮ್ಮ ಕಡೆಯವನು ಇದ್ದಾನೆ ಅಂದರೆ ಅವನಿಗೊಂದು ಮನೆ ಇರುತ್ತದೆ. ಮನೆ ಇದ್ದರೆ ಬಚ್ಚಲು ಇರುತ್ತದೆ. ಬಚ್ಚಲಿದ್ದರೆ ಒಂದು ಹಂಡೆ ನೀರು ಇದ್ದೇ ಇರುತ್ತದೆ. ನಿಜ ಹೇಳಬೇಕೆಂದರೆ ನಾನೂ ಹಾಗೆಯೇ ತಿಳಿದಿದ್ದೆ. ನಮ್ಮಲ್ಲಿ ಯಾರೂ ಬೇರೆ ಥರ ತಿಳಿಯುವುದಿಲ್ಲ.

ಹೊರಗೆ ಬಂದಾಗ ಅವರು ಕಂಬಿಗೆ ಆತುಕೊಂಡು ನಿಂತಿದ್ದರು. ಹೆಚ್ಚುಕಡಿಮೆ ನನ್ನ ವಯಸ್ಸಿನವರೇ. ಅವ್ವನ ಕಾಲು ಮುಟ್ಟಿ ನಮಸ್ಕಾರ ಮಾಡಿದರು. ಅವ್ವನಿಗೆ ಸಕ್ಕರೆ ಕಾಯಿಲೆ ಇತ್ತು, ಊಟಕ್ಕೆ ಅರ್ಧ ಗಂಟೆ ಮುಂಚೆ ಒಂದು ಮಾತ್ರೆ. ಔಷಧಿಗೆ ದೋಷವಿಲ್ಲ ಎಂಬುದು ಅವಳೇ ಮಾಡಿಕೊಂಡ ಕಾನೂನು. ಊರಿನ ಮುಖ ಕಂಡ ಧೈರ್ಯಕ್ಕೆ, ಇನ್ನೇನು ಸ್ನಾನ, ಪೂಜೆ, ತಿಂಡಿ ಎಂದುಕೊಂಡು, ಅಲ್ಲೇ ನಿಂತು ಮಾತ್ರೆಯನ್ನು ನೀರಿಲ್ಲದೆ ನುಂಗಿದಳು.

ಕಾರಿನಲ್ಲಿ ಕೂತ ಮೇಲೆ ಕೇಳಿದಳು: "ಮನೆ ದೂರವೇನಪ್ಪ? ಬಿಸಿನೀರೇ ಆಗ್ಬೇಕು ಅಂತಿಲ್ಲ, ತಣ್ಣೀರಾದ್ರೂ ಆಯ್ತದೆ."

ಅವರು ಕನ್ನಡಿಯಲ್ಲಿ ನನ್ನನ್ನು ನೋಡುತ್ತಾ ಹೇಳಿದರು: "ಮನೆ ಅಲ್ಲ ಅವ್ವಾರೇ, ರೂಮು. ಎಂಟು ಜನ ಗಂಡಸ್ರು ಇದ್ದೀವಿ. ರಾತ್ರಿ ಡ್ಯೂಟಿ ಮಾಡಿದೋರು ಈಗ ಬಂದು ಮಲಗಿರ್ತಾರೆ. ಹೆಂಗಸ್ರನ್ನ ಕರ್ಕೊಂಡು ಹೋದ್ರೆ ಬಿಲ್ಡಿಂಗ್‌ನೋರು ನನ್ನನ್ನೇ ಆಚೆ ಹಾಕ್ತಾರೆ. ನಂಗೂ ಈಗ ಯಜಮಾನರ ಮನೆಗೆ ಹೋಗ್ಲೇಬೇಕು." ಅವರ ಕತ್ತು ಕೆಂಪಾಗಿತ್ತು. "ಮಾಲ್‌ಗೆ ಬಿಡ್ತೀನಿ ಅಕ್ಕ. ತಂಪಾಗಿರುತ್ತೆ. ಅಲ್ಲಿ ಸಿಗದೇ ಇರೋದು ಅಂತ ಯಾವುದೂ ಇಲ್ಲ ಕಣಕ್ಕ. ಸಾಯಂಕಾಲ ಬಿಟ್ಟ ಬಾಗಿಲಿಗೇ ಬತ್ತೀನಿ."

ಅವರನ್ನು ಏನೆಂದು ಬೈಯಲಿ? ಬೈಯಲು ಯಾರೂ ಸಿಗದಿದ್ದಾಗ ನನಗೆ ಇನ್ನೂ ಕೋಪ ಬರುತ್ತದೆ.

ಗಾಜಿನ ಬಾಗಿಲು ತಾನಾಗಿ ತೆರೆಯಿತು. ಒಳಗಿನ ಹಜಾರದಲ್ಲಿ ನಮ್ಮ ಎಪಿಎಂಸಿ ಯಾರ್ಡನ್ನು ಲಾರಿಗಳ ಸಮೇತ ಇಡಬಹುದಿತ್ತು. ನೆಲ ಎಷ್ಟು ಹೊಳೆಯುತ್ತಿತ್ತೆಂದರೆ ಅವ್ವ ನೀರು ಚೆಲ್ಲಿದೆ ಎಂದು ಸೀರೆ ಎತ್ತಿ ಹಿಡಿದುಕೊಂಡಳು. ಎಲ್ಲಿಂದಲೋ ಅತ್ತರಿನ ವಾಸನೆ. ಮೇಲೆ ಮೇಲೆ ಮಹಡಿಗಳು, ಒಂದೊಂದರಲ್ಲೂ ಸಾಲಾಗಿ ಅಂಗಡಿಗಳು. ಒಂದರಲ್ಲಿ ಕೈಗಡಿಯಾರ ಮಾತ್ರ, ಒಂದರಲ್ಲಿ ಹೆಂಗಸರ ಕೈಚೀಲ ಮಾತ್ರ, ಅದೂ ಅಷ್ಟು ದೊಡ್ಡ ಅಂಗಡಿಗೆ ನಾಲ್ಕೋ ಐದೋ ಚೀಲ. "ಮಿಕ್ಕಿದ್ದೆಲ್ಲ ಖರ್ಚಾಗಿರಬೇಕು" ಎಂದಳು ಅವ್ವ. ಓಡುವ ಮೆಟ್ಟಿಲ ಮುಂದೆ ನಿಂತು, ಅದು ನಿಲ್ಲಲಿ ಎಂದು ಕಾದಳು. ಅದು ನಿಲ್ಲುವುದಿಲ್ಲ ಎಂದು ಹೇಳಿ ಲಿಫ್ಟಿಗೆ ಕರೆದುಕೊಂಡು ಹೋದೆ.

ಮೊದಲು ಹೆಂಗಸರ ಶೌಚಾಲಯ. ಅಮೃತಶಿಲೆ, ಹೂವು, ಕನ್ನಡಿಯ ಸುತ್ತ ದೀಪ. ನಲ್ಲಿಯ ಕೆಳಗೆ ಕೈ ಹಿಡಿದರೆ ಒಂದಿಷ್ಟು ನೀರು ಬಂದು ನಿಂತುಬಿಡುವುದು. ಚೊಂಬು ಹಿಡಿದರೆ ಅದೂ ಇಲ್ಲ. ಹಿತ್ತಾಳೆಯನ್ನು ಕೈಯೆಂದು ಅದು ನಂಬಲಿಲ್ಲ. ಒಳಗಿನ ಕೋಣೆಯಲ್ಲಿ ಕಮೋಡಿನ ಪಕ್ಕ ಒಂದು ಪೈಪಿತ್ತು. "ಅವ್ವ, ಇದರಲ್ಲಿ ನೀರು ಚೆನ್ನಾಗಿ ಬರುತ್ತೆ. ಬಾಗಿಲು ಹಾಕ್ಕೊಂಡು ಮಾಡ್ಕೊ" ಎಂದೆ. ಅವ್ವ ನನ್ನ ಮುಖ ನೋಡಿದಳು. "ಕಕ್ಕಸಿನಲ್ಲಿ ನಿಂತ್ಕೊಂಡು, ತೊಳ್ಕೊಳೋ ಪೈಪಲ್ಲಿ ಸ್ನಾನನಾ? ಆಮೇಲೆ ಅದೇ ಮೈಗೆ ಲಿಂಗ ಮುಟ್ಟಿಸ್ಲಾ?"

"ಹಂಗಾರೆ ಮನಸ್ಸಲ್ಲೇ ಪೂಜೆ ಮಾಡ್ಕೊ. ದೇವರಿಗೆ ಅರ್ಥ ಆಗುತ್ತೆ."

"ಮನಸ್ಸಲ್ಲೇ ಊಟನೂ ಮಾಡ್ತೀನಿ, ಬುಡು" ಎಂದು ಹೊರಗೆ ಬಂದಳು.

ಮಾಲಿಗೆ ಅಂಟಿಕೊಂಡೇ ಒಂದು ಹೋಟೆಲಿತ್ತು. ಒಂದು ಗಂಟೆಯ ಮಟ್ಟಿಗೆ ಕೋಣೆ ಬೇಕು ಎಂದೆ. ಸೂಟು ಹಾಕಿದ ಹುಡುಗಿ ನಗುನಗುತ್ತಲೇ ಕ್ರೆಡಿಟ್ ಕಾರ್ಡ್ ಕೇಳಿದಳು. ನನ್ನ ಹತ್ತಿರ ಎಂಥ ಕಾರ್ಡು? ಇದ್ದದ್ದು ಸ್ಕೂಲಿನ ಗುರುತಿನ ಚೀಟಿ. ಅಲ್ಲದೆ ಮಧ್ಯಾಹ್ನದ ತನಕ ಯಾವ ಕೋಣೆಯೂ ತಯಾರಿಲ್ಲವಂತೆ. ಮಕ್ಕಳಿಗೆ ವರ್ಷಗಟ್ಟಲೆ ಇಂಗ್ಲಿಷ್ ಕಲಿಸಿದವಳು, ನಮ್ಮ ತಾಯಿ ಸ್ನಾನವಿಲ್ಲದೆ ಊಟ ಮಾಡುವುದಿಲ್ಲ ಎಂಬ ಒಂದು ವಾಕ್ಯವನ್ನು ಆ ಹುಡುಗಿಗೆ ಮುಟ್ಟಿಸಲಾರದೆ ಹೋದೆ. ಪದಗಳೆಲ್ಲ ಸರಿಯಾಗಿದ್ದವು. ಅವಳು ಅಷ್ಟೇ ಸರಿಯಾದ ಪದಗಳಲ್ಲಿ, ಕೆಳಗೆ ಊಟದ ಅಂಗಡಿಗಳಿವೆ ಎಂದಳು.

ಆಮೇಲೆ ಕಂಡದ್ದು ಬಚ್ಚಲುಗಳ ಅಂಗಡಿ. ಹೌದು, ಬಚ್ಚಲನ್ನೇ ಮಾರುವ ಅಂಗಡಿ. ಅವ್ವ ಅದರ ಮುಂದೆ ನಿಂತವಳು ಕದಲಲಿಲ್ಲ. ಗಾಜಿನ ಆಚೆ ಸಾಲಾಗಿ ಸ್ನಾನದ ಕೋಣೆಗಳು: ಬಂಗಾರದ ಬಣ್ಣದ ನಲ್ಲಿ, ನೆತ್ತಿಯ ಮೇಲೆ ಸುರಿಯುವ ಅಗಲವಾದ ಜಾಲರಿ, ಎಮ್ಮೆ ಮಲಗುವಷ್ಟು ದೊಡ್ಡ ತೊಟ್ಟಿ. ಮಡಿಸಿಟ್ಟ ಬಿಳಿ ಟವೆಲ್ ಕೂಡ ಇತ್ತು. "ನೋಡೇ, ಅವನು ಸುಳ್ಳು ಹೇಳ್ಲಿಲ್ಲ" ಎಂದು ಅವ್ವ ನನಗಿಂತ ಮುಂಚೆ ಒಳಗೆ ಹೋದಳು. ನಾನು ತಡೆಯುವುದರೊಳಗೆ ಚೀಲದಿಂದ ಚೊಂಬು ತೆಗೆದು, ತೊಟ್ಟಿಯ ಅಂಚಿನ ಮೇಲೆ ಕೂತು, ನಲ್ಲಿ ತಿರುಗಿಸಿದಳು. ಏನೂ ಬರಲಿಲ್ಲ. ಇನ್ನೊಂದು ತಿರುಗಿಸಿದಳು. ಅಂಗಡಿಯವನು ಓಡಿ ಬಂದ. ಪಾಪ, ಮರ್ಯಾದಸ್ತ, ಹಿಂದಿಯಲ್ಲಿ, "ಮಾತಾಜಿ, ಇದು ತೋರಿಸುವುದಕ್ಕೆ ಮಾತ್ರ, ಇವಕ್ಕೆ ನೀರಿಲ್ಲ" ಎಂದ. ನಾನು ಕನ್ನಡದಲ್ಲಿ ಹೇಳಿದೆ. ಅವ್ವ ಚೊಂಬನ್ನು ಚೀಲಕ್ಕೆ ಹಾಕುತ್ತಾ, "ನೀರೇ ಇಲ್ದಿದ್ರೆ ಇದಕ್ಕೆ ನಲ್ಲಿ ಯಾಕೆ?" ಎಂದಳು. ಅದನ್ನು ನಾನು ಹಿಂದಿಗೆ ತಿರುಗಿಸಲಿಲ್ಲ. ಎದ್ದು ನಿಲ್ಲುವಾಗ ಅವಳು ನನ್ನ ಭುಜ ಹಿಡಿದುಕೊಂಡಳು. ಆ ಕೈ ಸಣ್ಣಗೆ ನಡುಗುತ್ತಿತ್ತು.

ಆಗ ನನಗೆ ಮಾತ್ರೆಯ ನೆನಪಾಯಿತು. ಸಕ್ಕರೆ ಇಳಿಸುವ ಮಾತ್ರೆ ಹೊಟ್ಟೆಯಲ್ಲಿದೆ, ಮೇಲೆ ಅನ್ನವಿಲ್ಲ. ಹಿಂದೊಮ್ಮೆ ನಮ್ಮ ಪಕ್ಕದ ಮನೆಯ ಅಜ್ಜಿ ಹೀಗೇ ತಿನ್ನದೆ ಮಲಗಿ ಮತ್ತೆ ಏಳದೇ ಹೋದದ್ದನ್ನು ನಾವಿಬ್ಬರೂ ಕಂಡಿದ್ದೆವು. ಇನ್ನು ನನಗೆ ಪೂಜೆಯೂ ಬೇಡ, ಸ್ನಾನವೂ ಬೇಡ, ಅವಳು ಒಂದು ತುತ್ತು ತಿಂದರೆ ಸಾಕು ಅನ್ನಿಸಿತು.

"ಅವ್ವ, ದಮ್ಮಯ್ಯ, ಒಂದು ಉಂಡೆ ತಿನ್ನು. ಔಷಧಿ ಅಂದ್ಕೊ."

"ಔಷಧಿ ಬೇರೆ, ಉಂಡೆ ಬೇರೆ. ಯಾರಿಗೆ ಮೋಸ ಮಾಡ್ಲಿ? ಇನ್ನೊಂಚೂರು ನೋಡಾನ ನಡಿ."

ನೋಡಿದೆವು. ಎಣ್ಣೆ ಹಚ್ಚಿ ಮೈ ಉಜ್ಜಿ ನೀರು ಹಾಕುವ ಒಂದು ಶೋಕಿಯ ಜಾಗವಿತ್ತು. ಮುಂಚೆಯೇ ಹೆಸರು ಬರೆಸಿರಬೇಕಂತೆ. ಒಂದು ಕಡೆ ಗಾಜಿನ ಆಚೆ ಜನ ಕೋಟು ಟೋಪಿ ಹಾಕಿಕೊಂಡು ಹಿಮದಲ್ಲಿ ಜಾರುತ್ತಿದ್ದರು. ಹೊರಗೆ ಕಾಲಿಟ್ಟರೆ ಬೇಯುವ ಬಿಸಿಲು, ಇಲ್ಲಿ ನೀರನ್ನು ಹೆಪ್ಪುಗಟ್ಟಿಸಿ ರಾಶಿ ಹಾಕಿದ್ದರು. ಮತ್ತೊಂದು ಕಡೆ ಮಹಡಿಗಳ ಮೇಲಿಂದ ಗೋಡೆಯುದ್ದಕ್ಕೂ ನೀರು ಧುಮುಕುತ್ತಿತ್ತು. ಬೋರನಕಣಿವೆ ಡ್ಯಾಮು ಕೋಡಿ ಬಿದ್ದ ವರ್ಷ ನೋಡಲು ಹೋದಾಗ ಬಿಟ್ಟರೆ ಅಷ್ಟು ನೀರು ಬೀಳುವುದನ್ನು ನಾವು ಕಂಡಿರಲಿಲ್ಲ. ಅವ್ವ ಕಟ್ಟೆಗೆ ಒರಗಿ ಕೇಳಿದಳು: "ಈ ನೀರು ಯಾವ ತೋಟಕ್ಕೆ ಹೋಗ್ತದೆ?"

"ಎಲ್ಲಿಗೂ ಇಲ್ಲ. ಕೆಳಗೆ ಬಿದ್ದದ್ದು ಮತ್ತೆ ಮೇಲಕ್ಕೆ ಹೋಗುತ್ತೆ."

"ದಿನಾ ಅದೇ ನೀರಾ?"

"ಅದೇ ನೀರು."

ಅವಳು ಕೈಯನ್ನು ಅದರ ಕಡೆ ಚಾಚಿದವಳು ಹಿಂದಕ್ಕೆ ತೆಗೆದುಕೊಂಡಳು.

ನಾವು ಅಲ್ಲೇ ಸುತ್ತುತ್ತಿರುವುದನ್ನು ನೋಡಿ ಕಾವಲಿನ ಹೆಂಗಸೊಬ್ಬಳು ಹತ್ತಿರ ಬಂದಳು. ನಾನು ಪ್ರಾರ್ಥನೆ, ನೀರು ಎಂದೆಲ್ಲ ಹೇಳಿದೆ. ಅವಳ ಮುಖ ಅರಳಿತು. ಅವ್ವನ ಕೈ ಹಿಡಿದು ಮೆತ್ತಗೆ ನಡೆಸಿಕೊಂಡು ಒಂದು ಬಾಗಿಲ ಬಳಿ ಬಿಟ್ಟಳು. ಒಳಗೆ ಕುಳಿತುಕೊಳ್ಳಲು ಗಿಡ್ಡ ಕಲ್ಲು, ಕಾಲ ಮಟ್ಟದಲ್ಲಿ ನಲ್ಲಿ, ತಿರುಗಿಸಿದರೆ ಧಾರಾಳ ನೀರು. ಚಪ್ಪಲಿ ಹೊರಗೆ. ಎಲ್ಲೂ ಕಕ್ಕಸಿಲ್ಲ. ಅವ್ವ ಕಲ್ಲಿನ ಮೇಲೆ ಕೂತು ಪಾದ ತೊಳೆದಳು, ಮೊಣಕೈವರೆಗೆ ತೊಳೆದಳು. ಬೆಳಗಿನಿಂದ ಮೊದಲ ಸಲ ಅವಳ ಹುಬ್ಬು ಸಡಿಲವಾಯಿತು. ಆಗ ಕರಿ ಬುರ್ಖಾದ ಹೆಂಗಸೊಬ್ಬಳು ಬಂದು ಪಕ್ಕದ ಕಲ್ಲಿನ ಮೇಲೆ ಕೂತು ಕೈಕಾಲು ತೊಳೆದು ಒಳಗಿನ ಕೋಣೆಗೆ ಹೋದಳು. ಅವ್ವ ಆ ಕಡೆ ನೋಡಿ ಕೇಳಿದಳು: "ಇದು ಯಾರ ಪೂಜೆ ಮನೆ ಕಣೇ?"

ಸುಳ್ಳು ಹೇಳೋಣ ಅನ್ನಿಸಿತು. ಅವಳಿಗೆ ಸುಳ್ಳು ಹೇಳಿ ದಕ್ಕಿಸಿಕೊಂಡವರಿಲ್ಲ. "ಸಾಬರದು, ನಮಾಜಿನ ಕೋಣೆ" ಎಂದೆ.

ಅವ್ವ ನಲ್ಲಿ ನಿಲ್ಲಿಸಿದಳು. ಸಿಟ್ಟಾಗಲಿಲ್ಲ. "ಅವರು ಅವರ ದೇವರಿಗೆ ಅಂತ ಇಟ್ಕೊಂಡಿರೋ ಜಾಗ. ನಾನು ಇಲ್ಲಿ ಸೀರೆ ಬಿಚ್ಚಿ ಮೈಮೇಲೆ ನೀರು ಸುರ್ಕೊಂಡ್ರೆ ಅವರಿಗೆ ಹೆಂಗಾಗ್ಬೇಡ? ನಮ್ಮ ಜಗುಲೀಲಿ ಯಾರಾದ್ರೂ ಹಂಗೆ ಮಾಡಿದ್ರೆ ನಾನು ಸುಮ್ನಿರ್ತೀನಾ?" ಒಳಗಿನ ಕೋಣೆಯ ಕಡೆ ಕೈಮುಗಿದು, ನನ್ನ ಹೆಗಲು ಹಿಡಿದು ಹೊರಗೆ ಬಂದಳು.

ಮತ್ತೆ ಅದೇ ನೀರಿನ ಗೋಡೆಯ ಮುಂದೆ ಬಂದು ಕಟ್ಟೆಯ ಮೇಲೆ ಕೂತೆವು. ಅವಳಿಗೆ ನಡೆಯಲು ಆಗುತ್ತಿರಲಿಲ್ಲ. ಆ ಚಳಿಯಲ್ಲಿ ಅವಳ ಹಣೆ ಬೆವರಿತ್ತು. ಕೈ ಮುಟ್ಟಿದರೆ ತಣ್ಣಗೆ. ನಾನು ಬೇಡಿದೆ, ಬೈದೆ, ಇಷ್ಟು ಹಟ ಮಾಡುವವಳು ಊರಲ್ಲೇ ಇರಬೇಕಿತ್ತು ಎಂದೆ. ಬೆಳಗಿನಿಂದ ಮಾತಿಗೆ ಮಾತು ಕೊಟ್ಟವಳು ಈಗ ಕಟ್ಟೆಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಸುತ್ತ ಜನ ಚೀಲ ಹಿಡಿದು ಓಡಾಡುತ್ತಲೇ ಇದ್ದರು. ಅಳು ಬಂದುಬಿಟ್ಟಿತು. "ನಿಂಗೇನಾದ್ರೂ ಆದ್ರೆ ರಾತ್ರಿ ವಿಮಾನಕ್ಕೆ ಹತ್ತಿಸ್ಕೊಳೋದಿಲ್ಲ ಕಣವ್ವ. ಅವಳು ಅಲ್ಲಿ ಒಬ್ಬಳೇ ಹೆರ್ತಾಳೆ" ಎಂದೆ. ಹೆದರಿಸಲು ಅಂದದ್ದಲ್ಲ, ನಿಜವಾಗಿ ಅದೇ ಭಯವಾಗಿತ್ತು.

ಅವ್ವ ನೀರು ಬೀಳುವುದನ್ನೇ ನೋಡುತ್ತಾ ಕೂತಿದ್ದಳು. ಆಮೇಲೆ ಎರಡೂ ಕೈಯನ್ನು ಸೆರಗಿನ ಒಳಗೆ ಹಾಕಿದಳು. ಲಿಂಗದ ಬೆಳ್ಳಿ ಕರಡಿಗೆ ಸದಾ ಅವಳ ಎದೆಯ ಮೇಲೆ ಇರುತ್ತಿತ್ತು; ಮಲಗಿದಾಗಲೂ ಅಲ್ಲಿಂದ ಜಾರಲು ಬಿಡುತ್ತಿರಲಿಲ್ಲ. ನಡುಗುವ ಬೆರಳಲ್ಲಿ ದಾರ ಎಳೆದು ಎಳೆದು, ಆ ಕರಡಿಗೆಯನ್ನು ಕತ್ತಿನ ಹಿಂದಕ್ಕೆ, ಬೆನ್ನ ಮೇಲಕ್ಕೆ ಸರಿಸಿದಳು. ಅದರ ಮೇಲೆ ಸೆರಗು ಹೊದ್ದಳು. ಆಮೇಲೆ ನನ್ನ ಕಡೆ ತಿರುಗದೆ ಅಂಗೈ ಒಡ್ಡಿದಳು.

"ಕೊಡು."

ಅಂಟಿನುಂಡೆ ಕೊಟ್ಟೆ. ತಂಗಿಯ ಬಾಣಂತನಕ್ಕೆಂದು ಅವಳೇ ಕೊಬ್ಬರಿ ತುರಿದು, ಅಂಟು ಹುರಿದು, ಬೆಲ್ಲದ ಪಾಕ ಹಿಡಿದು ಕಟ್ಟಿದ ಉಂಡೆ. ತಲೆ ಬಗ್ಗಿಸಿಕೊಂಡು, ಯಾರಾದರೂ ನೋಡಿಯಾರು ಎಂಬಂತೆ ಬೇಗ ಬೇಗ ತಿಂದಳು. ನೀರು ಕೇಳಿದಳು, ಬಾಟಲಿ ಕೊಟ್ಟೆ, ಕುಡಿದಳು. ಇನ್ನೊಂದು ಉಂಡೆ ಕೊಟ್ಟೆ, ಅದನ್ನೂ ತಿಂದಳು. ಇಡೀ ಬೆಳಿಗ್ಗೆ ನಾನು ಕೇಳಿಕೊಂಡದ್ದು ಇದನ್ನೇ. ಅವಳು ತಿನ್ನುವುದನ್ನು ನೋಡಲು ನನ್ನಿಂದ ಆಗಲಿಲ್ಲ.

ಬೆವರು ನಿಂತು, ಕೈ ನಡುಕ ನಿಂತ ಮೇಲೆ, ಬಾಯಿ ಒರೆಸಿಕೊಂಡು ಅಂದಳು: "ಇನ್ಮೇಲೆ ನಿನ್ನ ಕೇಳೋಕೆ ನಂಗೆ ಬಾಯಿಲ್ಲ ಕಣೇ." ದಣಿವಿಗೆ ಏನೋ ಅನ್ನುತ್ತಿದ್ದಾಳೆ ಎಂದುಕೊಂಡು ನಾನು ಡಬ್ಬಿ ಮುಚ್ಚಿದೆ. ಕರಡಿಗೆ ಸಂಜೆಯವರೆಗೂ ಬೆನ್ನ ಮೇಲೇ ಇತ್ತು.

ಸಾಯಂಕಾಲ ಅದೇ ಬಾಗಿಲಿಗೆ ಕಾರು ಬಂತು. ಅವರು ಇಳಿದು ಬಂದು ಮೊದಲು ಕೇಳಿದ್ದು, "ಸ್ನಾನ, ಪೂಜೆ ಎಲ್ಲ ಆಯ್ತಾ ಅವ್ವಾರೇ?"

"ಎಲ್ಲಾ ಆಯ್ತು ಕಣಪ್ಪ. ನೀನು ಹೇಳ್ದಂಗೆ ಸಿಗದೇ ಇರೋದು ಯಾವುದೂ ಇಲ್ಲ ಅಲ್ಲಿ" ಎಂದಳು ಅವ್ವ. ಅವರ ಮುಖದಲ್ಲಿದ್ದ ನಾಚಿಕೆ ಇಳಿಯಿತು. ವಿಮಾನ ನಿಲ್ದಾಣದವರೆಗೂ ಊರಿನ ಸುದ್ದಿ ಕೇಳುತ್ತಾ ಹಗುರಾಗಿ ಕಾರು ಓಡಿಸಿದರು.

ದಾರ್ ಎಸ್ ಸಲಾಮಿನಲ್ಲಿ ತಂಗಿಯ ಮನೆಗೆ ಕಾಲಿಟ್ಟವಳೇ ಅವ್ವ ಬಚ್ಚಲು ಎಲ್ಲಿ ಎಂದು ಕೇಳಿದಳು. ಬಹಳ ಹೊತ್ತು ನೀರಿನ ಸದ್ದು ಕೇಳಿಸುತ್ತಿತ್ತು. ಪೂಜೆಗೆ ಕೂತವಳು ಬೇಗ ಏಳಲಿಲ್ಲ. ತಂಗಿ ತನ್ನ ಭಾರದ ಹೊಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ನಿಂತು, ಏನಾಯಿತು ಎಂದು ಕಣ್ಣಲ್ಲೇ ಕೇಳಿದಳು. ನಾನು ಏನೂ ಇಲ್ಲ ಎಂದೆ. ಮಗು ಸುಖವಾಗಿ ಹುಟ್ಟಿತು. ಬಾಣಂತನ ಚೆನ್ನಾಗಿ ಮುಗಿಯಿತು. ಅಂಟಿನುಂಡೆ ಯಾಕೆ ಕಡಿಮೆ ಬಂತು ಎಂದು ತಂಗಿ ಕೇಳಿದಾಗ ಅವ್ವ, ದಾರಿಯಲ್ಲಿ ನಿನ್ನ ಅಕ್ಕ ತಿಂದಳು ಅಂದಳು.

ನಾನು ಸ್ಕೂಲು ಶುರುವಾಗುವ ಹೊತ್ತಿಗೆ ಊರಿಗೆ ಬಂದೆ. ಅವ್ವ ಬಾಣಂತನ ಮುಗಿಸಿ ಮಳೆಗಾಲದಲ್ಲಿ ಬಂದಳು. ಅವಳು ಬಂದ ಮಾರನೆಯ ಬೆಳಿಗ್ಗೆ ತಟ್ಟೆಯ ಮುಂದೆ ಕೂತು, ಎಂದಿನಂತೆ ಉತ್ತರ ತುದಿನಾಲಿಗೆಯಲ್ಲಿ ಇಟ್ಟುಕೊಂಡು ಕಾದೆ. ಅವ್ವ ದೋಸೆ ಹಾಕಿ ಒಲೆಯ ಕಡೆ ತಿರುಗಿದಳು. ಮರೆತಿರಬೇಕು ಅಂದುಕೊಂಡೆ. ಮರುದಿನವೂ ಕೇಳಲಿಲ್ಲ. ಅದರ ಮರುದಿನವೂ ಇಲ್ಲ. ಅಷ್ಟು ವರ್ಷ ಯಾವ ಮಾತಿಗೆ ತಟ್ಟೆ ಬಿಟ್ಟು ಏಳುತ್ತಿದ್ದೆನೋ ಆ ಮಾತಿಗಾಗಿ ಈಗ ತಿಂಡಿ ಆರಲು ಬಿಟ್ಟು ಕೂರುತ್ತಿದ್ದೆ. ಅವಳ ಪೂಜೆ ಎಂದಿನಂತೆಯೇ ನಡೆದಿತ್ತು, ಕರಡಿಗೆ ಎದೆಯ ಮೇಲೆ ಬಂದಿತ್ತು. ನನ್ನನ್ನು ಕೇಳುವುದೊಂದು ನಿಂತುಹೋಗಿತ್ತು.

ಕೊನೆಗೆ ಒಂದು ದಿನ ತಡೆಯಲಾರದೆ ಬೀರು ತೆಗೆದೆ. ಸ್ನಾನ ಮಾಡಿ ಬಂದು, ಗಂಟು ಬಿಚ್ಚಿ, ಲಿಂಗವನ್ನು ಕೊರಳಿಗೆ ಹಾಕಿಕೊಂಡೆ. ಸೆರಗಿನ ಒಳಗೆ ಮುಚ್ಚಿಡದೆ, ಕಾಣುವ ಹಾಗೆ ಬಿಟ್ಟುಕೊಂಡು ಅಡಿಗೆಮನೆಗೆ ಹೋಗಿ ಕೂತೆ. ಏನಾದರೂ ಅನ್ನಲಿ, ಬೈಯಲಿ, ಈಗಲಾದರೂ ಬುದ್ಧಿ ಬಂತಾ ಎಂದು ಹಂಗಿಸಲಿ ಎಂದು ಕಾದೆ. ಅವ್ವ ದೋಸೆ ತಂದಳು. ನನ್ನ ಎದೆಯ ಮೇಲಿದ್ದುದನ್ನು ನೋಡಿದಳು. ನೋಡಿ, ಕಣ್ಣು ತಗ್ಗಿಸಿ, "ಚಟ್ನಿ ಸಾಕೇನೇ?" ಎಂದು ಕೇಳಿದಳು.